ಕೋಶ ಒಂದೇ, ನೆಲೆ ಬೇರೆ

2025ರಲ್ಲಿ ಅಮೆರಿಕದ ವರ್ಟೆಕ್ಸ್ ಕಂಪನಿಯಿಂದ ಮೂರು ತಿಂಗಳ ಅಂತರದಲ್ಲಿ ಎರಡು ಸುದ್ದಿ ಬಂದವು. ಮಾರ್ಚ್‌ನಲ್ಲಿ ಬಂದದ್ದನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಿರಲಾರರು. ಟೈಪ್ 1 ಮಧುಮೇಹಕ್ಕೆಂದು ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ, ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪುಟ್ಟ ಸಾಧನವೊಂದರೊಳಗೆ ತುಂಬಿ ದೇಹದಲ್ಲಿ ಹುದುಗಿಸುವ ವಿಎಕ್ಸ್-264 ಪ್ರಯೋಗವನ್ನು ಕಂಪನಿ ಕೈಬಿಟ್ಟಿತು. ಸುರಕ್ಷತೆಯ ಬಗ್ಗೆ ತಕರಾರಿರಲಿಲ್ಲ. ಕೋಶಗಳು ಸ್ರವಿಸಿದ ಇನ್ಸುಲಿನ್ ಮಾತ್ರ ರೋಗಿಗೆ ಪ್ರಯೋಜನವಾಗುವಷ್ಟು ಇರಲಿಲ್ಲ. ಜೂನ್‌ನ ಸುದ್ದಿ ಎಲ್ಲ ಕಡೆ ಮುಖಪುಟಕ್ಕೆ ಬಂತು. ಅದೇ ಕೋಶಗಳನ್ನು ಯಾವ ಪೆಟ್ಟಿಗೆಯೂ ಇಲ್ಲದೆ, ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ನೇರವಾಗಿ ಹರಿಸಿದಾಗ, ಪೂರ್ಣ ಡೋಸ್ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚುಮದ್ದೇ ಬೇಕಿರಲಿಲ್ಲ.

ಹಾಗಾದರೆ ಪೆಟ್ಟಿಗೆಯ ಗೊಡವೆಯೇ ಬೇಡ ಎನ್ನೋಣವೇ? ಅಷ್ಟು ಸುಲಭವಿಲ್ಲ. ಬರಿಯ ಕೋಶಗಳನ್ನು ಪಡೆದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಬಿಡದೆ ತೆಗೆದುಕೊಳ್ಳಬೇಕು. ಆ ಅಧ್ಯಯನದಲ್ಲೇ ಒಬ್ಬರು ಶಿಲೀಂಧ್ರದಿಂದ ಬಂದ ಮಿದುಳುಪೊರೆಯ ಸೋಂಕಿಗೆ ಬಲಿಯಾದರು. ಪೆಟ್ಟಿಗೆ ಇದ್ದರೆ ರೋಗನಿರೋಧಕ ಕೋಶಗಳು ಒಳಗೆ ಬರಲಾರವು, ರಕ್ತನಾಳಗಳೂ ಬರಲಾರವು. ಅಂಗಾಂಶದೊಳಗೆ ಆಮ್ಲಜನಕ ತಾನಾಗಿ ಹರಡಿಕೊಂಡು ತಲುಪಬಲ್ಲ ದೂರ ಹೆಚ್ಚೆಂದರೆ 200 ಮೈಕ್ರೋಮೀಟರ್, ಮಿಲಿಮೀಟರಿನ ಐದರಲ್ಲೊಂದು ಪಾಲು. ಇನ್ಸುಲಿನ್ ಕೋಶಗಳಿಗೋ ಆಮ್ಲಜನಕ ಎಷ್ಟಿದ್ದರೂ ಸಾಲದು: ಮೇದೋಜೀರಕದ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇರುವ ಈ ಕೋಶಪುಂಜಗಳು ಅಲ್ಲಿಗೆ ಬರುವ ರಕ್ತದಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ತಾವೇ ಪಡೆಯುತ್ತವೆ. ಇದರ ಮೇಲೆ ದೇಹವು ಹೊರಗಿನಿಂದ ಬಂದ ಯಾವ ವಸ್ತುವಿನ ಸುತ್ತಲೂ ಗಾಯದ ಕಲೆಯಂಥ ನಾರಿನ ಗೋಡೆ ಕಟ್ಟಿಬಿಡುತ್ತದೆ. ಈ ಗೋಡೆ ಏಳುವುದು ವಸ್ತುವಿನ ರಾಸಾಯನಿಕ ಗುಣದಿಂದ ಮಾತ್ರ ಅಲ್ಲ. 2015ರಲ್ಲಿ ಎಂಐಟಿಯ ತಂಡವೊಂದು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದಂತೆ, ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್‌ನ ಅರ್ಧ ಮಿಲಿಮೀಟರ್ ಮಣಿಗಳ ಸುತ್ತ ನಾರು ದಟ್ಟವಾಗಿ ಬೆಳೆಯಿತು. ಅದೇ ಆಲ್ಜಿನೇಟ್‌ನ ಒಂದೂವರೆ ಮಿಲಿಮೀಟರ್ ಮಣಿಗಳ ಸುತ್ತ ಬಹಳ ಕಡಿಮೆ. ಗಾತ್ರವೊಂದೇ ಬದಲಾಗಿತ್ತು.

ಆಕರಕೋಶ ಚಿಕಿತ್ಸೆಯ ಬಗ್ಗೆ ನಾವು ಓದುವ ಸುದ್ದಿಗಳಲ್ಲಿ, ನೋಡುವ ಜಾಹೀರಾತುಗಳಲ್ಲಿ ಕೋಶದ ವರ್ಣನೆಯೇ ತುಂಬಿರುತ್ತದೆ: ಎಲ್ಲಿಂದ ತೆಗೆದದ್ದು, ಎಷ್ಟು ಲಕ್ಷ, ಎಷ್ಟು ಶುದ್ಧ. ಆ ಕೋಶ ಎಲ್ಲಿ ಕೂರುತ್ತದೆ, ಯಾವುದನ್ನು ಹಿಡಿದುಕೊಳ್ಳುತ್ತದೆ, ಅದರ ಕಾಲಡಿಯದು ಮೆದುವೋ ಗಡಸೋ ಎಂಬುದು ಸಾಮಾನು ಸಾಗಿಸುವ ಗಾಡಿಯ ವಿವರದಂತೆ ಕೊನೆಯ ಸಾಲಿಗೆ ಹೋಗುತ್ತದೆ. ಕಳೆದ ಎರಡು ದಶಕದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಕ್ರಮ ತಲೆಕೆಳಗು ಅನಿಸುತ್ತದೆ. ಚಿಕಿತ್ಸೆ ಗೆದ್ದ ಕಡೆಯೆಲ್ಲ ನೆಲೆಯ ಪ್ರಶ್ನೆಗೆ ಉತ್ತರ ಇತ್ತು. ಸೋತ ಕಡೆ ಹೆಚ್ಚಿನ ಪಾಲು ಅದನ್ನು ಯಾರೂ ಸರಿಯಾಗಿ ಕೇಳಿರಲೇ ಇಲ್ಲ.

ರಕ್ತದ ಆಕರಕೋಶ ಆಕರಕೋಶವಾಗಿಯೇ ಉಳಿಯುವುದು ಅದು ಕೂತಿರುವ ಜಾಗದ ದೆಸೆಯಿಂದ, ಜಾಗ ಬಿಟ್ಟರೆ ಅದು ಸಾಮಾನ್ಯ ಕೋಶವಾಗಿ ಬೆಳೆದು ಮುಗಿಯುತ್ತದೆ ಎಂದು 1978ರಲ್ಲೇ ಮ್ಯಾಂಚೆಸ್ಟರಿನ ರೇ ಸ್ಕೋಫೀಲ್ಡ್ ವಾದಿಸಿದ್ದರು. ಅಸ್ಥಿಮಜ್ಜೆಯ ಕಸಿ ಇಷ್ಟು ಚೆನ್ನಾಗಿ ನಡೆಯುವುದಕ್ಕೂ ಇದೇ ಕಾರಣ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1983ರಲ್ಲಿ ಶುರುವಾದ ಈ ಕಸಿ ಇಂದು ದೇಶದ ಹಲವು ಊರುಗಳಲ್ಲಿ ನಡೆಯುತ್ತಿದೆ. ಡ್ರಿಪ್ ಹಾಕಿದಂತೆ ರಕ್ತನಾಳಕ್ಕೆ ಬಿಟ್ಟರೆ ಸಾಕು, ಆ ಕೋಶಗಳು ತಾವೇ ದಾರಿ ಹುಡುಕಿಕೊಂಡು ಮಜ್ಜೆಗೆ ಹೋಗಿ ಕೂರುತ್ತವೆ. ಅಲ್ಲಿ ಅವುಗಳಿಗೆ ಬೇಕಾದ ನೆಲೆ ಮೊದಲೇ ಸಿದ್ಧವಾಗಿರುತ್ತದೆ. ಈ ಅದೃಷ್ಟವೇ ಮುಂದೆ ದಾರಿ ತಪ್ಪಿಸಿತು ಎಂದು ನನ್ನ ಅನಿಸಿಕೆ. ಚುಚ್ಚಿದರೆ ಕೋಶ ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಬೇರೆಲ್ಲ ಕೋಶಗಳಿಗೂ ಅಂಟಿಕೊಂಡಿತು. ವಾಸ್ತವದಲ್ಲಿ, ಮಂಡಿನೋವಿನಿಂದ ಹಿಡಿದು ಮಿದುಳಿನ ತೊಂದರೆಯವರೆಗೆ ಎಲ್ಲದಕ್ಕೂ ಮದ್ದೆಂದು ಮಾರಾಟವಾಗುವ ಮೆಸೆಂಕೈಮಲ್ ಕೋಶಗಳನ್ನು ರಕ್ತನಾಳಕ್ಕೆ ಬಿಟ್ಟರೆ ಅವುಗಳಲ್ಲಿ ಬಹುಪಾಲು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತವೆ.

ನೆಲೆ ಎಂದರೆ ಏನೇನು? ಕೋಶಗಳ ನಡುವೆ ಕೊಲಾಜನ್, ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಮುಂತಾದ ಪ್ರೋಟೀನುಗಳು ಹೆಣೆದ ಬಲೆಯೊಂದಿದೆ. ಕೋಶದ ಮೈಮೇಲಿನ ಇಂಟೆಗ್ರಿನ್‌ ಎಂಬ ಪ್ರೋಟೀನು ಕೊಂಡಿಗಳು ಈ ಬಲೆಯನ್ನು ಹಿಡಿದುಕೊಳ್ಳುತ್ತವೆ. ಹಿಡಿಯುವುದು ಎಲ್ಲಿ ಎಂಬುದನ್ನು 1984ರಲ್ಲಿ ಪಿಯರ್ಶ್‌ಬಾಕರ್ ಮತ್ತು ರೂಸ್ಲಾಟಿ ಕಂಡುಹಿಡಿದರು: ಅಷ್ಟು ದೊಡ್ಡ ಫೈಬ್ರೊನೆಕ್ಟಿನ್‌ನಲ್ಲಿ ಅರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಸಾಲಾಗಿ ಬರುವ ಒಂದು ಚಿಕ್ಕ ತುಣುಕು. ಆರ್‌ಜಿಡಿ ಎಂದು ಕರೆಯುವ ಈ ತುಣುಕನ್ನು ಯಾವ ಜೆಲ್‌ಗೆ ಅಂಟಿಸಿದರೂ ಕೋಶ ಬಂದು ಹಿಡಿಯುತ್ತದೆ. ನೆಲೆಯನ್ನು ನಾವೇ ಕಟ್ಟಬಹುದು ಎಂಬ ಧೈರ್ಯ ಬಂದದ್ದು ಹೀಗೆ.

ಆದರೆ ಪ್ರಯೋಗಾಲಯದಲ್ಲಿ ಕೋಶಗಳು ಬದುಕುತ್ತಿದ್ದದ್ದು ಪಾಲಿಸ್ಟೈರೀನ್ ತಟ್ಟೆಯ ಮೇಲೆ. ಅದು ಮಿದುಳಿನ ಅಂಗಾಂಶಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮಿಕ್ಕಿ ಗಡಸು. ಅದರ ಮೇಲೆ ಕೂತ ಕೋಶದಲ್ಲಿ ಕಂಡದ್ದನ್ನೆಲ್ಲ ದೇಹದ ಸತ್ಯವೆಂದು ದಶಕಗಳ ಕಾಲ ಬರೆದುಕೊಂಡೆವು. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಡಂ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಸಂಗಡಿಗರು ಇದನ್ನು ಅಲುಗಾಡಿಸಿದರು. ಅವರು ಬಳಸಿದ್ದು ಪಾಲಿಅಕ್ರಿಲಮೈಡ್ ಜೆಲ್, ಜೀವವಿಜ್ಞಾನದ ಯಾವ ಲ್ಯಾಬಿನಲ್ಲೂ ಪ್ರೋಟೀನ್ ಬೇರ್ಪಡಿಸಲು ಇರುವಂಥದೇ. ಎಲ್ಲ ಜೆಲ್‌ಗಳ ಮೇಲೂ ಒಂದೇ ಕೊಲಾಜನ್ ಲೇಪನ, ಒಂದೇ ಮಾನವ ಮಜ್ಜೆಯ ಕೋಶ, ಒಂದೇ ಪೋಷಕ ದ್ರವ; ಬದಲಿಸಿದ್ದು ಗಡಸುತನ ಮಾತ್ರ. ಗಡಸುತನವನ್ನು ಅಳೆಯುವ ಮಾನ ಕಿಲೋಪಾಸ್ಕಲ್. 1 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದ, ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲೆ ಕೋಶಗಳು ನರಕೋಶದಂತೆ ಕವಲೊಡೆದವು. 8ರಿಂದ 17 ಕಿಲೋಪಾಸ್ಕಲ್ ಸ್ನಾಯುವಿನ ಗಡಸುತನ. ಅಲ್ಲಿ ಸ್ನಾಯುವಿನ ಗುರುತುಗಳು. 25ರಿಂದ 40ರ ನಡುವೆ ಮೂಳೆಯ ಗುರುತುಗಳು. ಕೋಶ ಎಳೆಯುವ ಬಲಕ್ಕೆ ಕಾರಣವಾದ ಮಯೋಸಿನ್ ಮೋಟರನ್ನು ಔಷಧ ಹಾಕಿ ತಡೆದರೆ ಈ ವ್ಯತ್ಯಾಸವೆಲ್ಲ ಮಾಯ. ಎಂದರೆ ಕೋಶ ತನ್ನ ಕಾಲಡಿಯನ್ನು ಎಳೆದು ನೋಡಿ, ಎಷ್ಟು ಜಗ್ಗುತ್ತದೆ ಎಂಬುದರ ಮೇಲೆ ಮುಂದಿನ ದಾರಿ ಹಿಡಿಯುತ್ತಿತ್ತು. ಎರಡು ವರ್ಷ ಮೊದಲೇ ಕ್ರಿಸ್ಟೊಫರ್ ಚೆನ್ ತಂಡ ಕೋಶದ ಆಕಾರವೂ ಅದರ ದಾರಿಯನ್ನು ನಿರ್ಧರಿಸುತ್ತದೆ ಎಂದು ತೋರಿಸಿಕೊಟ್ಟಿತ್ತು: ಚಿಕ್ಕ ಅಂಟುಚುಕ್ಕೆಯ ಮೇಲೆ ಮುದುಡಿ ಕೂತದ್ದು ಕೊಬ್ಬಿನ ಕಡೆ, ದೊಡ್ಡದರ ಮೇಲೆ ಚಾಚಿಕೊಂಡದ್ದು ಮೂಳೆಯ ಕಡೆ. ಈ ಎಳೆತದ ಸುದ್ದಿ ಕೋಶಕೇಂದ್ರಕ್ಕೆ ಹೇಗೆ ಮುಟ್ಟುತ್ತದೆ ಎಂಬುದು 2011ರಲ್ಲಿ ಇಟಲಿಯ ಪಾದುವಾದಿಂದ ಗೊತ್ತಾಯಿತು. ವೈಎಪಿ ಎಂಬ ಪ್ರೋಟೀನು ಗಡಸು ನೆಲದ ಮೇಲೆ ಕೋಶಕೇಂದ್ರದೊಳಗೆ ಹೋಗಿ ಜೀನುಗಳನ್ನು ಚಾಲೂ ಮಾಡುತ್ತದೆ. ಮೆತ್ತಗಿನ ನೆಲದ ಮೇಲೆ ಹೊರಗೇ ಉಳಿಯುತ್ತದೆ.

ಎಷ್ಟು ಅಚ್ಚುಕಟ್ಟಾದ ಕಥೆ! ಅಚ್ಚುಕಟ್ಟಾಗಿದ್ದದ್ದೇ ಅದಕ್ಕೆ ಮುಳುವಾಯಿತು. ಗಡಸುತನದ ಒಂದು ಅಂಕಿ ತಿರುಗಿಸಿದರೆ ಬೇಕಾದ ಅಂಗಾಂಶ ಸಿಗುತ್ತದೆ ಎಂಬಂತೆ ಎಷ್ಟೋ ವಿಮರ್ಶಾ ಲೇಖನಗಳು ಬರೆದವು. ಮೊದಲನೆಯದಾಗಿ, ನರಕೋಶದಂತೆ ಕಾಣುವುದು ಬೇರೆ, ನರಕೋಶವಾಗಿ ಮಿಡಿಯುವುದು ಬೇರೆ. ಮಜ್ಜೆಯ ಕೋಶ ಮೆತ್ತಗಿನ ಜೆಲ್ ಮೇಲೆ ಕೂತ ಮಾತ್ರಕ್ಕೆ ಮಿದುಳಿನ ಕೆಲಸ ಕಲಿತಿತು ಎಂದು ಹೇಳಲು ಆಧಾರವಿಲ್ಲ. ಎರಡನೆಯದಾಗಿ, 2012ರಲ್ಲಿ ಕೇಂಬ್ರಿಜ್‌ನ ತಂಡವೊಂದು ಸಿಲಿಕೋನ್ ಜೆಲ್‌ಗಳ ಮೇಲೆ ಇದೇ ಪ್ರಯೋಗ ಮಾಡಿದಾಗ ಗಡಸುತನ ಎಷ್ಟು ಬದಲಿಸಿದರೂ ಕೋಶಗಳು ಕೇರ್ ಮಾಡಲಿಲ್ಲ. ಕೊಲಾಜನ್ ಎಷ್ಟು ಬಿಗಿಯಾಗಿ ಜೆಲ್‌ಗೆ ಕಟ್ಟಿಕೊಂಡಿದೆ ಎಂಬುದೇ ಮುಖ್ಯ ಎಂದು ಅವರು ವಾದಿಸಿದರು. 2014ರಲ್ಲಿ ಎಂಗ್ಲರ್ ಅವರ ಪ್ರಯೋಗಾಲಯ ಜೆಲ್‌ನ ರಂಧ್ರ, ಕೊಲಾಜನ್‌ನ ಕಟ್ಟು ಎರಡನ್ನೂ ಬದಲಿಸಿ, ಇಲ್ಲ, ಗಡಸುತನವೇ ಎಂದಿತು. ಎರಡೂ ಕಡೆಯವರು ಪ್ರಾಮಾಣಿಕರೇ. ತಮ್ಮ ತಮ್ಮ ವಸ್ತು ಹೇಳಿದ್ದನ್ನು ವರದಿ ಮಾಡಿದರು. ಗಡಸುತನ, ರಂಧ್ರ, ಅಂಟು ಈ ಮೂರರಲ್ಲಿ ಒಂದನ್ನು ಮುಟ್ಟಿದರೆ ಉಳಿದೆರಡೂ ಸ್ವಲ್ಪ ಅಲುಗುತ್ತವೆ. ಒಂದನ್ನೇ ಬದಲಿಸಿದೆವು ಎನ್ನುವುದು ಈ ವಿದ್ಯೆಯಲ್ಲಿ ಬಹಳ ಕಷ್ಟದ ಮಾತು.

ಅದೂ ಅಲ್ಲದೆ ಚಪ್ಪಟೆ ಜೆಲ್‌ನ ಮೇಲೆ ಕೂರುವ ಕೋಶ ದೇಹದಲ್ಲಿ ವಿರಳ. ಜೆಲ್‌ನೊಳಗೆ ಹುದುಗಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹೋಳಿಗೆಗೆ ಕಲಸಿಟ್ಟ ಕಣಕವನ್ನು ಬೆರಳಿನಿಂದ ಒತ್ತಿದರೆ ಅದು ಮೊದಲು ತಡೆದು ಆಮೇಲೆ ಮೆಲ್ಲಗೆ ಸಡಿಲವಾಗಿ ಜಾಗ ಕೊಡುತ್ತದೆ. ರಬ್ಬರ್ ಚೆಂಡು ಒತ್ತಿದಷ್ಟೂ ಹೊತ್ತು ಎದುರು ನೂಕುತ್ತಲೇ ಇರುತ್ತದೆ. ನಮ್ಮ ಅಂಗಾಂಶಗಳು ಮೊದಲನೆಯ ಜಾತಿ, ಲ್ಯಾಬಿನ ಹೆಚ್ಚಿನ ಜೆಲ್‌ಗಳು ಎರಡನೆಯವು. ಹಾರ್ವರ್ಡ್‌ನ ಡೇವಿಡ್ ಮೂನಿ ಅವರೊಂದಿಗೆ ಓವಿಜಿತ್ ಚೌಧುರಿ 2016ರಲ್ಲಿ ಆಲ್ಜಿನೇಟ್ ಜೆಲ್‌ಗಳ ಆರಂಭದ ಗಡಸುತನವನ್ನು ಒಂದೇ ಇಟ್ಟು ಸಡಿಲವಾಗುವ ವೇಗವನ್ನು ಮಾತ್ರ ಬದಲಿಸಿದರು. ಸುಮಾರು ಒಂದು ನಿಮಿಷದಲ್ಲಿ ಸಡಿಲಗೊಳ್ಳುವ ಜೆಲ್‌ನಲ್ಲಿ ಕೋಶಗಳು ಚಾಚಿಕೊಂಡು, ಹೆಚ್ಚಿ, ಮೂಳೆಯ ಖನಿಜ ಕೂಡ ಕಟ್ಟಿದವು. ನಿಧಾನವಾಗಿ ಸಡಿಲಗೊಳ್ಳುವುದರಲ್ಲಿ ಮುದುಡಿಯೇ ಉಳಿದವು. ಗಡಸುತನದ ಅಂಕಿಯೊಂದನ್ನೇ ಅಳೆದವರಿಗೆ ಇವೆರಡೂ ಒಂದೇ ಜೆಲ್.

ಕೋಶಕ್ಕೆ ನೆನಪೂ ಇದೆ. ಕೊಲೊರಾಡೋದ ಕ್ರಿಸ್ಟಿ ಆನ್ಸೆತ್ ಅವರ ತಂಡ 2014ರಲ್ಲಿ ಕಂಡಂತೆ, ಒಂದು ದಿನ ಪ್ಲಾಸ್ಟಿಕ್ ತಟ್ಟೆಯಲ್ಲಿದ್ದು ಮೆತ್ತಗಿನ ಜೆಲ್‌ಗೆ ಬಂದ ಕೋಶದಲ್ಲಿ ವೈಎಪಿ ಮತ್ತೆ ತಣ್ಣಗಾಗುತ್ತದೆ; ಹತ್ತು ದಿನ ಇದ್ದು ಬಂದದ್ದರಲ್ಲಿ ಆಗುವುದಿಲ್ಲ. ನನ್ನ ಪ್ರಕಾರ ಚಿಕಿತ್ಸೆಗೆ ಇದರಷ್ಟು ಹತ್ತಿರದ ಸಂಶೋಧನೆ ಇನ್ನೊಂದಿಲ್ಲ, ಇದರಷ್ಟು ಅಲಕ್ಷ್ಯಕ್ಕೊಳಗಾದದ್ದೂ ಇಲ್ಲ. ಯಾಕೆಂದರೆ ರೋಗಿಗೆ ಕೊಡುವ ಕೋಶಗಳನ್ನು ಕೋಟಿಗಟ್ಟಲೆ ಹೆಚ್ಚಿಸಲು ವಾರಗಟ್ಟಲೆ ಪ್ಲಾಸ್ಟಿಕ್ಕಿನ ಮೇಲೆಯೇ ಬೆಳೆಸುತ್ತಾರೆ. ಸ್ಟ್ಯಾನ್‌ಫರ್ಡ್‌ನ ಹೆಲೆನ್ ಬ್ಲಾವ್ ತಂಡ 2010ರಲ್ಲಿ ಇಲಿಯ ಸ್ನಾಯುವಿನ ಆಕರಕೋಶಗಳನ್ನು ಸ್ನಾಯುವಿನಷ್ಟೇ ಗಡಸಾದ, ಅಂದರೆ 12 ಕಿಲೋಪಾಸ್ಕಲ್‌ನ ಜೆಲ್ ಮೇಲೆ ಒಂದು ವಾರ ಇಟ್ಟು ನೋಡಿತ್ತು. ಕಸಿ ಮಾಡಿದಾಗ ಅವು ಹೊಸ ಸ್ನಾಯು ಕಟ್ಟಿದವು. ಪ್ಲಾಸ್ಟಿಕ್ ಮೇಲಿದ್ದವು ಆ ಶಕ್ತಿಯನ್ನು ಬೇಗನೆ ಕಳೆದುಕೊಂಡಿದ್ದವು.

ಇಷ್ಟಾದ ಮೇಲೂ ಲೋಕದ ಲ್ಯಾಬುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ನೆಲೆ ಯಾವುದು ಎಂದರೆ ಮ್ಯಾಟ್ರಿಜೆಲ್, ಇಲಿಯ ಒಂದು ಬಗೆಯ ಗಂತಿಯಿಂದ ತೆಗೆದ ಲೋಳೆ. ಚಿಕ್ಕ ಕರುಳು, ಚಿಕ್ಕ ಮಿದುಳು ಎಂದೆಲ್ಲ ಸುದ್ದಿಯಾಗುವ ಆರ್ಗನಾಯ್ಡ್‌ಗಳು ಬೆಳೆಯುವುದು ಬಹುತೇಕ ಇದರಲ್ಲೇ. ಅದರಲ್ಲಿ 1,800ಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳನ್ನು ಎಣಿಸಿದ್ದಾರೆ. ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ. ಗಂತಿಯ ರಸದಲ್ಲಿ ಬೆಳೆದದ್ದನ್ನು ಮನುಷ್ಯನಿಗೆ ಹಾಕಲು ಯಾವ ನಿಯಂತ್ರಕರೂ ಸಲೀಸಾಗಿ ಒಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮಥಿಯಾಸ್ ಲುಟಾಲ್ಫ್ ತಂಡ 2016ರಲ್ಲಿ ಪಾಲಿಎಥಿಲೀನ್ ಗ್ಲೈಕಾಲ್‌ನಿಂದ, ಪ್ರತಿ ಘಟಕವೂ ಗೊತ್ತಿರುವ ಜೆಲ್ ಮಾಡಿ ಕರುಳಿನ ಆಕರಕೋಶ ಬೆಳೆಸಿತು. ಅಲ್ಲಿ ಕಂಡದ್ದು ಸ್ವಾರಸ್ಯಕರ: ಕೋಶಗಳು ಹೆಚ್ಚಲು ತುಸು ಬಿಗಿಯಾದ ಜೆಲ್ ಬೇಕು, ಅವೇ ಕೋಶಗಳು ಕರುಳಿನ ರೂಪ ತಾಳಲು ಜೆಲ್ ಮೆತ್ತಗಾಗಬೇಕು. ಒಂದೇ ನೆಲೆ ಕೊನೆಯವರೆಗೆ ಸರಿಹೋಗುವುದಿಲ್ಲ. ಹಾಗಾಗಿ ಅವರು ದಿನಕಳೆದಂತೆ ತಾನೇ ಮೆತ್ತಗಾಗುವ ಜೆಲ್ ರೂಪಿಸಿದರು.

ಈ ಕಡೆ ನಮ್ಮ ರೇಷ್ಮೆಯದೂ ಒಂದು ಪಾತ್ರವಿದೆ. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಅಂಟಾದ ಸೆರಿಸಿನ್ ತೆಗೆದರೆ ಉಳಿಯುವ ಫೈಬ್ರೊಯಿನ್ ಗಟ್ಟಿ, ದೇಹದಲ್ಲಿ ನಿಧಾನವಾಗಿ ಕರಗುವಂಥದ್ದು, ಪೊರೆ, ಸ್ಪಂಜು, ಜೆಲ್ ಯಾವ ರೂಪಕ್ಕೂ ಬರುವಂಥದ್ದು. ಆದರೆ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ರೇಷ್ಮೆಯ ಫೈಬ್ರೊಯಿನ್‌ನಲ್ಲಿ ಆರ್‌ಜಿಡಿ ತುಣುಕಿಲ್ಲ. ಜಾರ್ಖಂಡದ ಟಸರ್, ಅಸ್ಸಾಮಿನ ಮೂಗಾ ರೇಷ್ಮೆಗಳಲ್ಲಿ ಹುಟ್ಟಿನಿಂದಲೇ ಇದೆ. ಖರಗ್‌ಪುರ, ಗುವಾಹಟಿಯ ಐಐಟಿಗಳಲ್ಲಿ ಕಾಡುರೇಷ್ಮೆಯ ಮೇಲೆ ಇಷ್ಟೊಂದು ಕೆಲಸ ನಡೆದಿರುವುದಕ್ಕೆ ಇದೂ ಕಾರಣ. ಸೀರೆಯ ಹೊಳಪಿನಲ್ಲಿ ಹಿಪ್ಪುನೇರಳೆ ಗೆದ್ದರೂ ಕೋಶಕ್ಕೆ ಹಿಡಿ ಒದಗಿಸುವುದರಲ್ಲಿ ಟಸರ್ ಮುಂದು.

ಇನ್ನು ಆಸ್ಪತ್ರೆಗೆ ಬರೋಣ. ನೆಲೆಯ ಲೆಕ್ಕ ಹಾಕಿ ಗೆದ್ದ ಉದಾಹರಣೆ ದೂರದಲ್ಲೇನೂ ಇಲ್ಲ, ಹೈದರಾಬಾದಿನಲ್ಲಿದೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಲಿಂಬಸ್ ಎಂಬ ಉಂಗುರವಿದೆ. ಕಾರ್ನಿಯಾದ ಮೇಲ್ಪದರವನ್ನು ಸದಾ ಹೊಸದಾಗಿಸುವ ಆಕರಕೋಶಗಳ ಮನೆ ಅದು. ರಾಸಾಯನಿಕ ಬಿದ್ದು ಅದು ಸುಟ್ಟರೆ ಬಿಳಿಗುಡ್ಡೆಯ ಪೊರೆ, ರಕ್ತನಾಳಗಳು ಕಾರ್ನಿಯಾದ ಮೇಲೆ ಹಬ್ಬಿ ದೃಷ್ಟಿ ಹೋಗುತ್ತದೆ. ನಮ್ಮ ದೇಶದ ಮಕ್ಕಳಲ್ಲಿ ಇದಕ್ಕೊಂದು ದೊಡ್ಡ ಕಾರಣ ಎಲೆಅಡಿಕೆಗೆ ಮಾರುವ ಸುಣ್ಣದ ಪ್ಯಾಕೆಟ್. ಆಡುತ್ತಾ ಅದುಮಿದಾಗ ಸಿಡಿದು ಕಣ್ಣಿಗೆ ಬೀಳುತ್ತದೆ. ಯುರೋಪಿನ ದಾರಿ ಹೀಗಿತ್ತು: ಗ್ರಾತ್ಸಿಯೆಲ್ಲಾ ಪೆಲ್ಲೆಗ್ರೀನಿ, ಮಿಕೆಲೆ ದೆ ಲೂಕಾ ಚೆನ್ನಾಗಿರುವ ಕಣ್ಣಿನಿಂದ ಲಿಂಬಸ್ ಚೂರು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಾದ ಫೈಬ್ರಿನ್‌ನ ಪದರದ ಮೇಲಿಟ್ಟು ಕಸಿ ಮಾಡಿದರು. ಅವರ 112 ರೋಗಿಗಳ ವರದಿ 2010ರಲ್ಲಿ ಬಂತು. ಬೆಳೆಸಿದ ಕೋಶಗಳಲ್ಲಿ ನಿಜವಾದ ಆಕರಕೋಶ ಶೇ 3ಕ್ಕಿಂತ ಹೆಚ್ಚಿದ್ದಾಗ ಶೇ 78 ಕಸಿಗಳು ಯಶಸ್ವಿ, ಇಲ್ಲದಿದ್ದಾಗ ಶೇ 11 ಮಾತ್ರ. 2015ರಲ್ಲಿ ಹೊಲೊಕ್ಲಾರ್ ಹೆಸರಿನಲ್ಲಿ ಇದಕ್ಕೆ ಯುರೋಪಿನ ಅನುಮತಿ ಸಿಕ್ಕಿತು. ಕೋಶಗಳು ನೆಲೆಯೂರಿದ ಮೇಲೆ ಫೈಬ್ರಿನ್ ತಾನೇ ಕರಗಿಹೋಗುತ್ತದೆ, ಅದೇ ಅದರ ದೊಡ್ಡ ಗುಣ.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರೂ ಮೊದಲು ಲ್ಯಾಬಿನಲ್ಲೇ ಕೋಶ ಬೆಳೆಸುತ್ತಿದ್ದರು. 2012ರಲ್ಲಿ ವೀರೇಂದ್ರ ಸಂಗ್ವಾನ್ ಮತ್ತು ಸಹೋದ್ಯೋಗಿಗಳು ಲ್ಯಾಬನ್ನೇ ಬಿಟ್ಟರು. ಚೆನ್ನಾಗಿರುವ ಕಣ್ಣಿನಿಂದ ಎರಡು ಮಿಲಿಮೀಟರ್ ಚೂರು ತೆಗೆದು, ಅದನ್ನು ಎಂಟು-ಹತ್ತು ತುಣುಕು ಮಾಡಿ, ಗರ್ಭದಲ್ಲಿ ಮಗುವನ್ನು ಸುತ್ತಿರುವ, ಹೆರಿಗೆಯ ನಂತರ ದಾನವಾಗಿ ಬಂದ ಆಮ್ನಿಯಾನ್ ಪೊರೆಯನ್ನು ಕಾರ್ನಿಯಾದ ಮೇಲೆ ಹಾಸಿ, ಫೈಬ್ರಿನ್ ಅಂಟಿನಿಂದ ತುಣುಕುಗಳನ್ನು ಕೂರಿಸಿದರು. ಕೋಶಗಳು ಕಣ್ಣಿನ ಮೇಲೆಯೇ ಹಬ್ಬಿದವು. 2016ರ ವರದಿಯ ಪ್ರಕಾರ 125 ಕಣ್ಣುಗಳಲ್ಲಿ 95ರಲ್ಲಿ, ಅಂದರೆ ಶೇ 76ರಲ್ಲಿ ಪದರ ಉಳಿಯಿತು. ಬೇರೆ ಬೇರೆ ರೋಗಿಗಳು, ಬೇರೆ ಅಳತೆಗೋಲು, ಆದ್ದರಿಂದ ಇಟಲಿಯ ಅಂಕಿಯೊಡನೆ ನೇರವಾಗಿ ತೂಗಬಾರದು. ಆದರೂ ಲ್ಯಾಬಿನ ಖರ್ಚಿಲ್ಲದೆ ಇಷ್ಟು ಸಾಧಿಸಿದ್ದಾರೆ. ಆಮ್ನಿಯಾನ್ ಪೊರೆಯಲ್ಲಿ ಲ್ಯಾಮಿನಿನ್, ಕೊಲಾಜನ್ ಎಲ್ಲ ಹದವಾಗಿ ಇವೆ, ಉರಿಯೂತ ತಗ್ಗಿಸುವ ಗುಣವೂ ಇದೆ. ಯಾವ ಎಂಜಿನಿಯರ್ ಕೂಡ ಹೊಸದಾಗಿ ಕಟ್ಟಬೇಕಾಗಲಿಲ್ಲ. ಜಾಣತನ ಇದ್ದದ್ದು ಆಯ್ಕೆಯಲ್ಲಿ.

ಎದುರು ಬದಿಯ ಉದಾಹರಣೆ ಸ್ವೀಡನ್ನಿನದು. 2011ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಾಕಿಯಾರಿನಿ ಪ್ಲಾಸ್ಟಿಕ್ ಶ್ವಾಸನಾಳವನ್ನು ರೋಗಿಯದೇ ಮಜ್ಜೆಯ ಕೋಶಗಳಲ್ಲಿ ನೆನೆಸಿ ಅಳವಡಿಸಿದರು. ಕೋಶಗಳು ಪ್ಲಾಸ್ಟಿಕ್ಕನ್ನು ಜೀವಂತ ನಾಳವಾಗಿಸುತ್ತವೆ ಎಂಬುದು ಆಗಿನ ಪ್ರಚಾರ. ಆ ಕೊಳವೆಗೆ ರಕ್ತನಾಳ ಎಲ್ಲಿಂದ ಬರುತ್ತದೆ, ಗಾಳಿಯಲ್ಲಿ ಸೂಕ್ಷ್ಮಜೀವಿಗಳು ಸದಾ ಓಡಾಡುವ ಒಳಮೈಗೆ ಪೊರೆ ಹೇಗೆ ಮುಚ್ಚುತ್ತದೆ ಎಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗದ ಆಧಾರವೇ ಇರಲಿಲ್ಲ. ಅಲ್ಲಿ ಪ್ಲಾಸ್ಟಿಕ್ ನಾಳ ಪಡೆದ ಮೂವರೂ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾಕಿಯಾರಿನಿ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಇದನ್ನು ಒಬ್ಬ ವೈದ್ಯನ ಮೋಸದ ಕಥೆಯಾಗಿ ಓದಿದರೆ ಅರ್ಧ ಓದಿದಂತೆ. ಕೋಶ ಎಂಬ ಹೆಸರು ಕೇಳಿದೊಡನೆ ವಸ್ತುವಿನ ಬಗ್ಗೆ ಪ್ರಶ್ನೆ ನಿಲ್ಲಿಸಿದ ಸಂಪಾದಕರು, ಸಮಿತಿಗಳು, ಪತ್ರಕರ್ತರೂ ಅದರಲ್ಲಿದ್ದಾರೆ.

ಮೋಸವಿಲ್ಲದ ಕಡೆಯೂ ವಸ್ತು ಕೈಕೊಡುತ್ತದೆ. ಬೆನ್ನೆಲುಬು ಬೆಸೆಯಲು ಬಿಎಂಪಿ-2 ಎಂಬ ಮೂಳೆ ಬೆಳೆಸುವ ಪ್ರೋಟೀನನ್ನು ಕೊಲಾಜನ್ ಸ್ಪಂಜಿನಲ್ಲಿ ನೆನೆಸಿ ಇಡುವ ಪದ್ಧತಿಗೆ ಅಮೆರಿಕ 2002ರಲ್ಲಿ ಅನುಮತಿ ಕೊಟ್ಟಿತು. ಸ್ಪಂಜು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲ, ಆದ್ದರಿಂದ ದೇಹದಲ್ಲಿ ಸಹಜವಾಗಿ ಇರುವುದಕ್ಕಿಂತ ವಿಪರೀತ ಹೆಚ್ಚು ಸುರಿಯಬೇಕು. ಕುತ್ತಿಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಗಂಟಲು ಊದಿಕೊಂಡು ಉಸಿರಾಟಕ್ಕೇ ಅಪಾಯವಾದ ಮೇಲೆ 2008ರಲ್ಲಿ ಎಚ್ಚರಿಕೆ ಹೊರಬಿತ್ತು.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಆಕರಕೋಶಗಳ ಕಸಿ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಹಾಗೆ ಟ್ರಯಲ್ ದಾಟಿ ಅನುಮತಿ ಪಡೆದದ್ದೂ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್‌ಗೆ 2016ರಲ್ಲಿ, ಕಾಲಿನ ರಕ್ತನಾಳ ಮುಚ್ಚಿಹೋಗುವ ಬರ್ಗರ್ ಕಾಯಿಲೆಗೆ, ಸೀಮಿತ ಅನುಮತಿ ಸಿಕ್ಕಿತು. ಅದರಲ್ಲಿ ಜೆಲ್ ಇಲ್ಲ, ಪೊರೆ ಇಲ್ಲ. ಕೋಶಗಳನ್ನು ನೇರವಾಗಿ ಕಾಲಿನ ಸ್ನಾಯುವಿಗೇ ಚುಚ್ಚುತ್ತಾರೆ, ಮತ್ತು ಅವು ಅಲ್ಲಿ ಅಂಗಾಂಶವಾಗಿ ಬೆಳೆಯುತ್ತವೆ ಎನ್ನುವುದಕ್ಕಿಂತ ಸುತ್ತಲಿನ ಕೋಶಗಳಿಗೆ ಸಂಕೇತ ಕಳಿಸುತ್ತವೆ ಎಂಬ ವಿವರಣೆ ಹೆಚ್ಚು ಒಪ್ಪುವಂಥದ್ದು. ಇಂಥ ಕೋಶಗಳಿಗೆ 1991ರಲ್ಲಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟ ಆರ್ನಾಲ್ಡ್ ಕಪ್ಲಾನ್ ಅವರೇ 2017ರಲ್ಲಿ ಆ ಹೆಸರು ಬಿಡಿ, ಇವು ಸಂಕೇತ ಕೊಡುವ ಕೋಶಗಳು ಎಂದು ಬರೆದರು. ನರರೋಗಕ್ಕೆ, ಆಟಿಸಂಗೆ ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಲಕ್ಷಗಟ್ಟಲೆ ವಸೂಲು ಮಾಡುವ ಕ್ಲಿನಿಕ್ಕುಗಳ ಬಳಿ ಕೇಳಬೇಕಾದ ಪ್ರಶ್ನೆ ಕೋಶದ ಸಂಖ್ಯೆಯದಲ್ಲ. ನಾಳೆ, ಮುಂದಿನ ವಾರ ಆ ಕೋಶ ಎಲ್ಲಿರುತ್ತದೆ, ಹಾಗೆಂದು ತೋರಿಸಿದವರು ಯಾರು ಎಂಬುದು.

ಕೋಶ, ವಸ್ತು ಎರಡೂ ಸೇರಿದ ಉತ್ಪನ್ನ ತರುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಆಕರಕೋಶದಿಂದ ಮಾಡಿದ್ದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಅಡಿ ಹೊಸ ಔಷಧ. ಅದು ಕೂರುವ ಜೆಲ್ ಅಥವಾ ಪೊರೆ ಒಂಟಿಯಾಗಿ ಬಂದರೆ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಸಾಧನ. ಎರಡೂ ಒಟ್ಟಾದಾಗ ಯಾವ ಪರೀಕ್ಷೆ, ಯಾವ ಅಳತೆ? ಜೆಲ್‌ನ ಗಡಸುತನವನ್ನು ಪ್ರತಿ ಬ್ಯಾಚಿಗೂ ಅಳೆಯಬೇಕು, ಸಡಿಲವಾಗುವ ವೇಗವನ್ನೂ ಅಳೆಯಬೇಕು. ಗಾಮಾ ಕಿರಣದಿಂದ ಕ್ರಿಮಿಶುದ್ಧಿ ಮಾಡಿದರೆ ಪಾಲಿಮರ್‌ಗಳ ಎಳೆ ತುಂಡಾಗಿ ಅಥವಾ ಹೊಸದಾಗಿ ಬೆಸೆದು ಆ ಅಂಕಿಗಳೇ ಬದಲಾಗಬಹುದು, ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಇಟ್ಟಾಗಲೂ ಅಷ್ಟೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ, ಐಐಟಿ ಮತ್ತು ಕೋಶ ಹಾಗೂ ಅಣುಜೀವವಿಜ್ಞಾನ ಕೇಂದ್ರ ಸಿಸಿಎಂಬಿ ಸೇರಿ ದಾನವಾಗಿ ಬಂದು ಕಸಿಗೆ ಬಾರದ ಕಾರ್ನಿಯಾಗಳಿಂದ ಕೋಶಗಳನ್ನು ತೊಳೆದು, ಉಳಿದ ಬಲೆಯನ್ನೇ ಶಾಯಿಯಾಗಿಸಿ ಕಾರ್ನಿಯಾ ಮುದ್ರಿಸಿ, 2022ರಲ್ಲಿ ಮೊಲದ ಕಣ್ಣಿಗೆ ಹಾಕಿದ್ದಾರೆ. ಮೊಲದಿಂದ ಮನುಷ್ಯನ ಕಣ್ಣಿಗೆ ಬರಲು ಕೋಶದ ಲೆಕ್ಕದಷ್ಟೇ ಆ ಶಾಯಿಯ ಲೆಕ್ಕವನ್ನೂ ಬ್ಯಾಚ್ ಬ್ಯಾಚಿಗೆ ಒಪ್ಪಿಸಬೇಕಾಗುತ್ತದೆ.